ಸೀರಿಯಲ್ ಪೋರ್ಟ್ ಕ್ಲಾಸ್ ಕ್ಲೀನ್ ಮಾಡ್ತೀರಾ? ಮೊದಲು ವೈರ್ ಕಡೆ ನೋಡಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾವ ರೈಸ್ ಮಿಲ್‌ಗೆ ಹೋದರೂ ಗೇಟಿನ ಪಕ್ಕ ಒಂದು ಕಾಟಾ, ಅದರ ಪಕ್ಕ ಒಂದು ಸಣ್ಣ ರೂಮು, ರೂಮಿನಲ್ಲಿ ಹೊಟ್ಟಿನ ಧೂಳು ಹಿಡಿದ ಒಂದು ಕಂಪ್ಯೂಟರ್ ಇದ್ದೇ ಇರುತ್ತದೆ. ಭತ್ತದ ಲಾರಿ ಕಾಟಾ ಹತ್ತುತ್ತದೆ. ಇಂಡಿಕೇಟರ್ ತೂಕ ತೋರಿಸುತ್ತದೆ. ಅದೇ ತೂಕ ವೈರ್‌ನಲ್ಲಿ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ (ಒಂದೊಂದೇ ಬಿಟ್ ಸಾಲಾಗಿ ಬರುವ ಕಿಂಡಿ) ಬಂದು ಚೀಟಿಯಲ್ಲಿ ಪ್ರಿಂಟ್ ಆಗುತ್ತದೆ. ಸಂಡೂರಿನ ಅದಿರು ಲಾರಿ ಕಾಟಾದಲ್ಲೂ ಇದೇ ಕಥೆ.

ಆ ವೈರ್ ಓದುವ ಕ್ಲಾಸ್, ಅಂದರೆ ಪ್ರೋಗ್ರಾಂನ ಆ ಭಾಗ, ಸಾಮಾನ್ಯವಾಗಿ ಒಬ್ಬರು ಬರೆದಿದ್ದಲ್ಲ. ಮೊದಲು ಯಾರೋ ಬರೆದರು, ಆಮೇಲೆ ಬೇರೆ ಕಂಪನಿಯ ಇಂಡಿಕೇಟರ್ ಬಂತು ಅಂತ ಇನ್ನೊಬ್ಬರು ಎರಡು ಫಂಕ್ಷನ್ ಅಂಟಿಸಿದರು, ಫೋನ್ ಲೈನ್‌ನಲ್ಲಿ ಹೆಡ್ ಆಫೀಸಿಗೆ ಲೆಕ್ಕ ಕಳಿಸಬೇಕು ಅಂತ ಮೋಡೆಮ್ ಕೋಡ್ ಸೇರಿತು, ಮೋಡೆಮ್ ಗುಜರಿಗೆ ಹೋಯಿತು, ಕೋಡ್ ಮಾತ್ರ ಉಳಿಯಿತು. ಈಗ ಅದು ನಿಮ್ಮ ಕೈಗೆ ಬಂದಿದೆ. ಸಾವಿರ ಸಾಲು ದಾಟಿದೆ, ಬಳಕೆಯಲ್ಲಿ ಇಲ್ಲ ಅಂತ ಎಡಿಟರ್‌ನಲ್ಲಿ ಅರ್ಧ ಬೂದು ಬಣ್ಣದಲ್ಲಿ ಕಾಣುತ್ತಿದೆ, ಕೈ ತುರಿಸುತ್ತಿದೆ, ಅಲ್ವಾ?

ಬಳಕೆಯಲ್ಲಿ ಇಲ್ಲದ ಕೋಡ್ ತೆಗೆಯಿರಿ, ತೆಗೆಯಬೇಕಾದ್ದೇ. ಆದರೆ ಬೇರೆ ಕ್ಲಾಸ್‌ಗಳಲ್ಲಿ ಇಲ್ಲದ ಒಂದು ತೊಂದರೆ ಇಲ್ಲಿದೆ. ಈ ಫಂಕ್ಷನ್ನನ್ನು ಯಾರು ಕರೆಯುತ್ತಾರೆ, ಈ ವೇರಿಯಬಲ್ಲನ್ನು ಯಾರು ಓದುತ್ತಾರೆ ಅನ್ನೋದು ಕೋಡ್ ಬರೆಯುವ ಎಡಿಟರ್ ವಿಶುವಲ್ ಸ್ಟುಡಿಯೋಗೆ ಗೊತ್ತು. ವೈರಿನ ಆ ಕಡೆ ಕೂತ ಪೆಟ್ಟಿಗೆಗೆ ಏನು ಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ. ಕೋಡಿನಲ್ಲಿ ಯಾರಿಗೂ ಬೇಡವಾದ ಸಾಲು ವೈರಿಗೆ ಬೇಕಾಗಿರಬಹುದು. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡು ಕೂರಿ.

ಇಲ್ಲಿ ನಾನು ಹೇಳುವುದೆಲ್ಲ ಸಿ ಶಾರ್ಪ್ ಮತ್ತು ಡಾಟ್‌ನೆಟ್‌ನ ಸೀರಿಯಲ್‌ಪೋರ್ಟ್ ಕ್ಲಾಸ್ ಇಟ್ಟುಕೊಂಡು. ನಮ್ಮ ಕಡೆ ಕಾಟಾ ಸಾಫ್ಟ್‌ವೇರ್ ಜಾಸ್ತಿ ನೋಡಲು ಸಿಗೋದು ಅದರಲ್ಲೇ, ಇಲ್ಲದಿದ್ದರೆ ಹಳೇ ವಿಶುವಲ್ ಬೇಸಿಕ್ 6ರಲ್ಲಿ.

ಶುರು ಮಾಡುವ ಮೊದಲು

ನವೆಂಬರ್, ಡಿಸೆಂಬರ್‌ನಲ್ಲಿ ಈ ಕೆಲಸಕ್ಕೆ ಕೈ ಹಚ್ಚಬೇಡಿ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತವೆಲ್ಲ ಆಗಲೇ ಮಿಲ್ಲಿಗೆ ಬರೋದು. ಗೇಟಿನಿಂದ ರೋಡಿನವರೆಗೆ ಲಾರಿ, ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಚೀಟಿ ನಿಂತರೆ ನಿಮ್ಮ ಕೋಡ್ ಎಷ್ಟು ಚಂದ ಆಯಿತು ಅಂತ ಯಾರೂ ಕೇಳುವುದಿಲ್ಲ.

ಕೋಡ್ ಗಿಟ್‌ನಲ್ಲಿ (ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಫ್ಟ್‌ವೇರ್) ಇಲ್ಲವಾದರೆ ಇವತ್ತೇ ಹಾಕಿ, ಒಂದು ಸಾಲು ಮುಟ್ಟುವ ಮೊದಲೇ. "ಹಳೇದು", "ಹಳೇದು ಹೊಸದು", "ಫೈನಲ್ 2" ಅಂತ ಫೋಲ್ಡರ್ ಇಟ್ಟುಕೊಂಡು ಈ ಕೆಲಸ ಮಾಡಲು ಆಗುವುದಿಲ್ಲ.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ: ವೈರ್‌ನಲ್ಲಿ ನಿಜವಾಗಿ ಏನು ಬರುತ್ತಿದೆ ಅಂತ ರೆಕಾರ್ಡ್ ಮಾಡಿಕೊಳ್ಳುವುದು. ಮಿಲ್ಲಿಗೇ ಹೋಗಿ. ಸಾಫ್ಟ್‌ವೇರ್ ಬಂದ್ ಮಾಡಿ, ಟೆರಾ ಟರ್ಮ್ ಅಥವಾ ರಿಯಲ್‌ಟರ್ಮ್‌ನಲ್ಲಿ ಅದೇ ಕಾಮ್ ಪೋರ್ಟ್ ತೆರೆದು, ಬರುವ ಬೈಟ್‌ಗಳನ್ನು ಹಾಗೇ ಒಂದು ಫೈಲಿಗೆ ಇಳಿಸಿ. ಅಕ್ಷರ ಮಾಡಬೇಡಿ, ಬೈಟ್‌ಗಳೇ ಬೇಕು. ಕಾಟಾ ಖಾಲಿ ಇದ್ದಾಗ, ಲಾರಿ ಹತ್ತುವಾಗ, ಲಾರಿ ನಿಂತಾಗ, ಇಳಿಯುವಾಗ, ಇಂಡಿಕೇಟರ್ ಆಫ್ ಮಾಡಿ ಆನ್ ಮಾಡಿದಾಗ, ಹೀಗೆ ಬೇರೆ ಬೇರೆ ಫೈಲ್ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಕಾಮ್‌ಜೀರೋಕಾಮ್ ಹಾಕಿಕೊಂಡರೆ ಕಂಪ್ಯೂಟರ್ ಒಳಗೇ ಒಂದಕ್ಕೊಂದು ಸೇರಿದ ಎರಡು ಸುಳ್ಳು ಪೋರ್ಟ್ ಸಿಗುತ್ತವೆ. ಒಂದರಲ್ಲಿ ಆ ಫೈಲನ್ನು ಬಿಡಿ, ಇನ್ನೊಂದಕ್ಕೆ ನಿಮ್ಮ ಕ್ಲಾಸ್ ಹಚ್ಚಿ. ಲಿನಕ್ಸ್ ಆದರೆ ಸೋಕ್ಯಾಟ್ ಇದೆ. ಪ್ರತಿ ಸಾರಿ ಏನಾದರೂ ತೆಗೆದ ಮೇಲೆ ಇದೇ ಫೈಲ್‌ಗಳನ್ನು ಓಡಿಸಿ, ಅದೇ ತೂಕಗಳು ಬರುತ್ತವಾ ನೋಡಿ. ಈ ಫೈಲ್‌ಗಳಿಲ್ಲದೆ ಮಾಡುವ ಕ್ಲೀನಿಂಗ್ ಬರೀ ನಂಬಿಕೆ ಮೇಲೆ ನಡೆಯುವ ವ್ಯವಹಾರ.

ಸುಲಭವಾಗಿ ಹೋಗುವ ಕಸ

ಮೊದಲು ಕಂಪೈಲರ್ ಹೇಳಿದ್ದನ್ನು ಕೇಳಿ. ಪೂರ್ತಿ ರೀಬಿಲ್ಡ್ ಕೊಟ್ಟರೆ ವಾರ್ನಿಂಗ್ ಪಟ್ಟಿ ಬರುತ್ತದೆ. ಸಿಎಸ್0168 ಅಂದರೆ ವೇರಿಯಬಲ್ ಘೋಷಿಸಿದ್ದೀರಿ, ಬಳಸಿಲ್ಲ. ಸಿಎಸ್0219 ಅಂದರೆ ವೇರಿಯಬಲ್ಲಿಗೆ ಬೆಲೆ (ವ್ಯಾಲ್ಯೂ) ಕೊಟ್ಟಿದ್ದೀರಿ, ಓದಿಲ್ಲ. ಸಿಎಸ್0162 ಅಂದರೆ ಆ ಸಾಲಿಗೆ ಯಾವತ್ತೂ ಹೋಗಿ ಮುಟ್ಟುವುದೇ ಇಲ್ಲ. ಈ ಮೂರನ್ನು ಜಾಸ್ತಿ ಯೋಚನೆ ಮಾಡದೆ ತೆಗೆಯಬಹುದು, ಆದರೆ 0219ರಲ್ಲಿ ಸಮ ಚಿಹ್ನೆಯ ಬಲಗಡೆ ಏನಿದೆ ಅಂತ ಒಮ್ಮೆ ನೋಡಿ. ಬರೀ ಸೊನ್ನೆಯೋ ಖಾಲಿ ಸ್ಟ್ರಿಂಗೋ ಇದ್ದರೆ ಸರಿ. ಕಂಪೈಲರ್ ಬದಲು ಎಡಿಟರ್ ಹೇಳುವ ಐಡಿಇ0059ರಲ್ಲಿ ಬಲಗಡೆ ಒಂದು ಫಂಕ್ಷನ್ ಕಾಲ್ ಇರುವುದುಂಟು, ಅದರ ಕಥೆ ಬೇರೆ, ಕೆಳಗೆ ಬರುತ್ತೇನೆ.

ಬೇಡವಾದ ಯೂಸಿಂಗ್ ಸಾಲುಗಳು ಹೋಗಲಿ. ಕಮೆಂಟ್ ಮಾಡಿಟ್ಟ ಹಳೇ ಕೋಡ್ ಪೂರ್ತಿ ಹೋಗಲಿ. ಗಿಟ್ ಇದೆ, ಬೇಕಾದರೆ ಅಲ್ಲಿ ಸಿಗುತ್ತದೆ.

ಮೋಡೆಮ್‌ಗೆ ಡಯಲ್ ಮಾಡುವ ಫಂಕ್ಷನ್‌ಗಳು, ಎಟಿ ಅಂತ ಶುರುವಾಗುವ ಕಮಾಂಡ್‌ಗಳು, ಅವನ್ನು ಕರೆಯುವ ಬಟನ್ ಹೋಗಿ ಯಾವ ಕಾಲವಾಯಿತೋ, ಅವನ್ನೂ ಒಟ್ಟಿಗೇ ತೆಗೆಯಿರಿ. ಹಾಗೇ ಹಳೇ ವಿಂಡೋಸ್ ಎಪಿಐ ಕಾಲ್‌ಗಳು. ಸೀರಿಯಲ್‌ಪೋರ್ಟ್ ಕ್ಲಾಸ್ ಡಾಟ್‌ನೆಟ್‌ಗೆ ಬಂದಿದ್ದೇ 2.0ರಲ್ಲಿ, ಅಂದರೆ 2005ರಲ್ಲಿ. ಅದಕ್ಕಿಂತ ಮೊದಲು ಶುರುವಾದ ಪ್ರಾಜೆಕ್ಟ್‌ಗಳಲ್ಲಿ ಕ್ರಿಯೇಟ್‌ಫೈಲ್, ಸೆಟ್‌ಕಾಮ್‌ಸ್ಟೇಟ್ ಅಂತ ನೇರವಾಗಿ ವಿಂಡೋಸನ್ನೇ ಕರೆಯುತ್ತಿದ್ದರು. ಆಮೇಲೆ ಹೊಸ ಕ್ಲಾಸಿಗೆ ಬಂದರೂ ಆ ಡಿಕ್ಲರೇಷನ್‌ಗಳು ಹಾಗೇ ಕೂತಿರುತ್ತವೆ. ಒಂದು ಎಚ್ಚರ: ಅವುಗಳ ಜೊತೆ ಡಿಸಿಬಿ ಅನ್ನೋ ಸ್ಟ್ರಕ್ಟ್ ಇರುತ್ತದೆ, ಅದರ ಅರ್ಧ ಫೀಲ್ಡ್‌ಗಳನ್ನು ಯಾರೂ ಬಳಸುವುದಿಲ್ಲ, ನೋಡಿದರೆ ಅವನ್ನು ತೆಗೆಯೋಣ ಅನ್ನಿಸುತ್ತದೆ. ಒಂದೊಂದೇ ಫೀಲ್ಡ್ ಕೀಳಬೇಡಿ. ಆ ಸ್ಟ್ರಕ್ಟನ್ನು ವಿಂಡೋಸ್ ಬೈಟ್ ಲೆಕ್ಕದಲ್ಲಿ ಓದುತ್ತದೆ, ನಡುವಿನದೊಂದು ಹೋದರೆ ಕೆಳಗಿನದೆಲ್ಲ ಜಾಗ ತಪ್ಪುತ್ತದೆ. ಆ ಎಪಿಐ ಬಳಕೆಯಲ್ಲಿ ಇಲ್ಲ ಅಂತ ಖಾತ್ರಿಯಾದರೆ ಸ್ಟ್ರಕ್ಟ್ ಸಮೇತ ಎಲ್ಲವನ್ನೂ ತೆಗೆಯಿರಿ, ಇಲ್ಲವಾದರೆ ಒಂದನ್ನೂ ಮುಟ್ಟಬೇಡಿ.

ಪಬ್ಲಿಕ್ ಫಂಕ್ಷನ್‌ಗಳ ಬಗ್ಗೆ ಕಂಪೈಲರ್ ಬಾಯಿ ಬಿಡುವುದಿಲ್ಲ. ಹೊರಗಿನವರು ಯಾರಾದರೂ ಕರೆಯಬಹುದು ಅಂತ ಸುಮ್ನೆ ಇರುತ್ತದೆ. ಅದಕ್ಕೆ ಒಂದು ಉಪಾಯ: ಅನುಮಾನ ಇರುವ ಪಬ್ಲಿಕ್ ಫಂಕ್ಷನ್ನನ್ನು ಪ್ರೈವೇಟ್ ಮಾಡಿ ಇಡೀ ಸಲ್ಯೂಷನ್ ಬಿಲ್ಡ್ ಮಾಡಿ. ಎರರ್ ಬಂದರೆ ಕರೆಯುವವರು ಇದ್ದಾರೆ. ಬರದೆ, ಕ್ಲಾಸ್ ಒಳಗೂ ಯಾರೂ ಕರೆಯದಿದ್ದರೆ, ಈಗ ಪ್ರೈವೇಟ್ ಆಗಿರೋದರಿಂದ, ಐಡಿಇ0051 ಅಂತ ಎಡಿಟರೇ ತೋರಿಸುತ್ತದೆ. ಅಷ್ಟಕ್ಕೇ ತೆಗೆಯಬೇಡಿ, ಆ ಫಂಕ್ಷನ್ ಹೆಸರನ್ನು ಪ್ರಾಜೆಕ್ಟ್ ಫೋಲ್ಡರ್ ಪೂರ್ತಿ ಬರೀ ಅಕ್ಷರವಾಗಿ ಹುಡುಕಿ, ಕಾನ್ಫಿಗ್ ಫೈಲ್‌ಗಳನ್ನೂ ಸೇರಿಸಿ. ಬೇರೆ ಬೇರೆ ಇಂಡಿಕೇಟರ್‌ಗೆ ಬೇರೆ ಬೇರೆ ಪಾರ್ಸ್ ಫಂಕ್ಷನ್ ಇಟ್ಟು, ಅದರ ಹೆಸರನ್ನು ಕಾನ್ಫಿಗ್‌ನಲ್ಲಿ ಬರೆದು, ರಿಫ್ಲೆಕ್ಷನ್‌ನಲ್ಲಿ (ಪ್ರೋಗ್ರಾಂ ಓಡುವಾಗ ಹೆಸರು ಹಿಡಿದು ಹುಡುಕಿ) ಕರೆಯುವ ಚಾಳಿ ಈ ಸಾಫ್ಟ್‌ವೇರ್‌ಗಳಲ್ಲಿ ಇದೆ. ಅಲ್ಲಿ ಸೊನ್ನೆ ರೆಫರೆನ್ಸ್ ಅನ್ನೋದಕ್ಕೆ ಅರ್ಥವೇ ಇಲ್ಲ. ಇನ್ನು ಇಫ್ ಡೆಫ್ ತರಹದ ಷರತ್ತಿನ ಒಳಗಿನ ಕೋಡನ್ನು ರೆಫರೆನ್ಸ್ ಹುಡುಕಾಟ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದಕ್ಕೂ ಅಕ್ಷರ ಹುಡುಕಾಟವೇ ಗತಿ.

ಇಂಡಿಕೇಟರ್‌ಗಳ ಪಟ್ಟಿ ಈನಮ್‌ನಲ್ಲಿ (ಸಾಲಾಗಿ ನಂಬರ್ ಸಿಗುವ ಹೆಸರುಗಳ ಪಟ್ಟಿ) ಇದ್ದರೆ, ಯಾವ ಮಿಲ್ಲಿನಲ್ಲೂ ಇಲ್ಲದ ಮಾಡೆಲ್ ಅಂತ ನಡುವಿನ ಹೆಸರೊಂದನ್ನು ಅಳಿಸುವ ಮೊದಲು ಡೇಟಾಬೇಸ್ ನೋಡಿ. ಅಲ್ಲಿ 3 ಅಂತ ಸೇವ್ ಆಗಿರೋದು ನಾಳೆ ಬೇರೆ ಮಾಡೆಲ್ ಆಗಿಬಿಡುತ್ತದೆ. ಈನಮ್‌ನ ಪ್ರತಿ ಹೆಸರಿಗೂ ಕೈಯಾರೆ ನಂಬರ್ ಕೊಟ್ಟು ಆಮೇಲೆ ಅಳಿಸಿ.

ಕಸದ ಹಾಗೆ ಕಾಣುವ, ಕಸ ಅಲ್ಲದ ಸಾಲುಗಳು

ಇಲ್ಲಿ ನಿಧಾನ.

ಬರುವ ಪ್ರತಿ ಬೈಟನ್ನು 127ರ ಜೊತೆ ಆಂಡ್ ಮಾಡುವ ಒಂದು ಸಾಲು ಇರಬಹುದು. ಪೋರ್ಟ್ ಸೆಟ್ಟಿಂಗ್ ನೋಡಿದರೆ 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಇಲ್ಲ, ಬರೋದು ಬರೀ ಅಂಕಿಗಳು, ಎಲ್ಲವೂ 127ಕ್ಕಿಂತ ಕಡಿಮೆ, ಹಾಗಾದರೆ ಈ ಸಾಲು ಯಾಕೆ ಅನ್ನಿಸುತ್ತದೆ. ಇಂಡಿಕೇಟರ್ ಕಳಿಸುತ್ತಿರೋದು 7 ಬಿಟ್ ಮತ್ತು ಈವನ್ ಪ್ಯಾರಿಟಿ ಆಗಿದ್ದರೆ? ಆಗ ಎಂಟನೇ ಬಿಟ್‌ನಲ್ಲಿ ಪ್ಯಾರಿಟಿ ಬರುತ್ತದೆ, ಅದನ್ನು ಕತ್ತರಿಸುತ್ತಿರುವುದು ಇದೊಂದೇ ಸಾಲು.

ಒಂದು ಲಾರಿ ತೂಕ 14,260 ಕಿಲೋ ಅಂದುಕೊಳ್ಳಿ. ಇಂಡಿಕೇಟರ್ ಮೊದಲು 2 ಅನ್ನೋ ಶುರುವಿನ ಬೈಟ್, ಆಮೇಲೆ ಆರು ಅಂಕಿ, ಕೊನೆಗೆ 3 ಅನ್ನೋ ಮುಗಿಯುವ ಬೈಟ್ ಕಳಿಸುತ್ತದೆ. ದಶಮಾನದಲ್ಲಿ ಬರೆದರೆ 2, 48, 49, 52, 50, 54, 48, 3. ಈವನ್ ಪ್ಯಾರಿಟಿ ಅಂದರೆ ಒಂದುಗಳ ಸಂಖ್ಯೆ ಸಮ ಆಗಬೇಕು. 48ರಲ್ಲಿ ಎರಡು ಒಂದುಗಳಿವೆ, ಹಾಗೇ ಬರುತ್ತದೆ. 50ರಲ್ಲಿ ಮೂರಿವೆ, ಅದಕ್ಕೆ 128 ಸೇರಿ 178 ಆಗಿ ಬರುತ್ತದೆ. ಲೆಕ್ಕ ಹಾಕಿದರೆ 0, 3, 5, 6, 9 ಈ ಅಂಕಿಗಳು ಸರಿಯಾಗಿ ಬರುತ್ತವೆ, 1, 2, 4, 7, 8 ಕೆಡುತ್ತವೆ. ಮುಗಿಯುವ ಬೈಟ್ 3 ಕೆಡುವುದಿಲ್ಲ. ಈಗ ಆ ಸಾಲನ್ನು ತೆಗೆದು, ಖಾಲಿ ಕಾಟಾದಲ್ಲಿ ಟೆಸ್ಟ್ ಮಾಡಿ. 3 ಬಂದಾಗ ತುಂಡು ಮಾಡಿಕೊಂಡು, ಅಂಕಿ ಅಲ್ಲದ್ದನ್ನು ಬಿಟ್ಟುಹಾಕುವ ಕ್ಲಾಸ್ ಆದರೆ, ಆರು ಸೊನ್ನೆ ಚೊಕ್ಕವಾಗಿ ಬರುತ್ತವೆ. ಎಲ್ಲ ಸರಿ ಇದೆ ಅಂತ ಬೈಕ್ ಹತ್ತಿ ಊರಿಗೆ ಹೊರಡಬಹುದು. ಆಮೇಲೆ ಲಾರಿ ಹತ್ತುತ್ತದೆ, 0, 6, 0 ಇವಷ್ಟೇ ಉಳಿಯುತ್ತವೆ, ಸ್ಕ್ರೀನ್ ಮೇಲೆ 60 ಕಿಲೋ. ಖಾಲಿ ಕಾಟಾದ ಫೈಲ್ ಒಂದೇ ಸಾಲದು ಅಂದಿದ್ದು ಇದಕ್ಕೇ.

ಬೈಟ್ ಓದುವುದು ಯಾಕೆ, ನೇರ ಸ್ಟ್ರಿಂಗ್ ಓದೋಣ ಅಂತ ಆ ಭಾಗವನ್ನು ರೀಡ್‌ಎಕ್ಸಿಸ್ಟಿಂಗ್‌ಗೆ ಬದಲಾಯಿಸುವವರೂ ಇದ್ದಾರೆ. ಸೀರಿಯಲ್‌ಪೋರ್ಟ್‌ನ ಡೀಫಾಲ್ಟ್ ಎನ್‌ಕೋಡಿಂಗ್ ಆಸ್ಕಿ. 127 ದಾಟಿದ್ದೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ, ಆಮೇಲೆ ಆಂಡ್ ಮಾಡಿದರೂ ಏನೂ ಸಿಗುವುದಿಲ್ಲ.

ಬರುವ ಬೈಟ್‌ಗಳನ್ನು ಕೂಡಿಟ್ಟುಕೊಳ್ಳುವ ಬಫರ್ ಬಗ್ಗೆಯೂ ಇದೇ ಮಾತು. ಡೇಟಾರಿಸೀವ್ಡ್ ಈವೆಂಟ್ ಬಂದರೆ ಪೂರ್ತಿ ತೂಕ ಬಂದಿದೆ ಅಂತ ಅರ್ಥ ಅಲ್ಲ, ಏನೋ ಒಂದಿಷ್ಟು ಬಂದಿದೆ ಅಂತ ಅಷ್ಟೇ. 2400 ಬಾಡ್‌ನಲ್ಲಿ (ಸೆಕೆಂಡಿಗೆ 2400 ಬಿಟ್) ಒಂದು ಬೈಟ್ ಬರಲು ನಾಲ್ಕು ಮಿಲಿಸೆಕೆಂಡ್ ದಾಟುತ್ತದೆ, ಎಂಟು ಬೈಟಿಗೆ ಸುಮಾರು 33. ನಡುವೆಯೇ ಈವೆಂಟ್ ಬಂದು 014 ಅಷ್ಟೇ ಸಿಕ್ಕರೆ ಅದು 14 ಕಿಲೋ ಅಲ್ಲ. ನಿಮ್ಮ ಲ್ಯಾಪ್‌ಟಾಪಿನ ಸುಳ್ಳು ಪೋರ್ಟ್‌ನಲ್ಲಿ ಎಲ್ಲ ಒಟ್ಟಿಗೇ ಬರುವುದರಿಂದ ಬಫರ್ ಬೇಡ ಅನ್ನಿಸುತ್ತದೆ. ಫೈಲ್ ಬಿಡುವಾಗ ಬೈಟ್ ಬೈಟ್ ನಡುವೆ ಸ್ವಲ್ಪ ತಡ ಮಾಡಿ ಬಿಟ್ಟು ನೋಡಿ.

ಡಿಟಿಆರ್‌ಎನೇಬಲ್, ಆರ್‌ಟಿಎಸ್‌ಎನೇಬಲ್ ಟ್ರೂ ಅಂತ, ಪೋರ್ಟಿನ ಎರಡು ಪಿನ್ ಆನ್ ಮಾಡುವ ಎರಡು ಸಾಲು. ಹ್ಯಾಂಡ್‌ಶೇಕ್ ಇಲ್ಲ, ಇಂಡಿಕೇಟರ್‌ನಿಂದ ಬರೀ ಒಂದು ಕಡೆಯಿಂದ ಡೇಟಾ ಬರುತ್ತದೆ, ಇವೇಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಕಾಟಾ ಮತ್ತು ಆಫೀಸ್ ದೂರ ಇದ್ದರೆ ನಡುವೆ ಆರ್‌ಎಸ್ 485 ಕನ್ವರ್ಟರ್ ಹಾಕುತ್ತಾರೆ. ಅದರಲ್ಲಿ ಕೆಲವಕ್ಕೆ ಬೇರೆ ಅಡಾಪ್ಟರ್ ಇರುವುದಿಲ್ಲ, ಈ ಎರಡು ಪಿನ್‌ಗಳ ವೋಲ್ಟೇಜೇ ಅದಕ್ಕೆ ಕರೆಂಟ್. ಡಾಟ್‌ನೆಟ್‌ನಲ್ಲಿ ಎರಡೂ ಡೀಫಾಲ್ಟ್ ಆಗಿ ಫಾಲ್ಸ್. ಸಾಲು ತೆಗೆದರೆ ಕನ್ವರ್ಟರ್ ಸತ್ತಿತು. ಎರರ್ ಬರುವುದಿಲ್ಲ, ಪೋರ್ಟ್ ತೆರೆಯುತ್ತದೆ, ಡೇಟಾ ಮಾತ್ರ ಬರುವುದಿಲ್ಲ. ರೆಕಾರ್ಡ್ ಮಾಡಿದ ಫೈಲ್‌ನಲ್ಲೂ ಇದು ಸಿಕ್ಕಿಬೀಳುವುದಿಲ್ಲ. ಹಿಂದಿನ ಕಡೆ ಬಗ್ಗಿ, ಧೂಳು ಒರೆಸಿ, ವೈರ್ ಎಲ್ಲಿಗೆ ಹೋಗಿದೆ, ನಡುವೆ ಯಾವ ಡಬ್ಬಿ ಇದೆ ಅಂತ ಕಣ್ಣಾರೆ ನೋಡಬೇಕು.

ಮೇಲೆ ಬೇರೆ ಕಥೆ ಅಂದಿದ್ದು ಈಗ. ಒಂದು ರೀಡ್‌ಬೈಟ್ ಕಾಲ್, ಬಂದ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು ಮುಂದೆ ಎಲ್ಲೂ ಬಳಸಿಲ್ಲ. ವೇರಿಯಬಲ್ ಕಸ ಇರಬಹುದು, ಕಾಲ್ ಕಸ ಅಲ್ಲ. ಅದು ಚೆಕ್‌ಸಮ್ (ತಪ್ಪು ಪರೀಕ್ಷೆಯ) ಬೈಟನ್ನು ಎತ್ತಿ ಬಿಸಾಡುತ್ತಿರಬಹುದು, ಅದನ್ನು ತೆಗೆದರೆ ಆ ಬೈಟ್ ಮುಂದಿನ ತೂಕದ ತಲೆಗೆ ಬಂದು ಕೂರುತ್ತದೆ. ಕಮಾಂಡ್ ಕಳಿಸುವ ಮೊದಲು ಸುಮ್ನೆ ಕರೆದ ರೀಡ್‌ಎಕ್ಸಿಸ್ಟಿಂಗ್ ಕೂಡ ಹೀಗೇ, ಹಳೇ ತೂಕ ಖಾಲಿ ಮಾಡಲು ಇಟ್ಟಿದ್ದು. ವೇರಿಯಬಲ್ ತೆಗೆಯಿರಿ, ಕಾಲ್ ಬಿಡಿ.

ರೈಟ್ ಆದ ಮೇಲೆ ಇರುವ ಸ್ಲೀಪ್ ಸಾಲುಗಳನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೂ 485 ವೈರ್‌ನಲ್ಲಿ ಒಂದೇ ಜೋಡಿ ತಂತಿ ಮೇಲೆ ಎರಡೂ ಕಡೆಯವರು ಸರದಿಯಲ್ಲಿ ಮಾತಾಡುತ್ತಿದ್ದರೆ ಆ ತಡ ಬೇಕಾಗಿರುತ್ತದೆ. ಇಂಡಿಕೇಟರ್ ಮ್ಯಾನುಯಲ್ ಸಿಗುವವರೆಗೆ ಬಿಟ್ಟುಬಿಡಿ.

ಎಲ್ಲಕ್ಕಿಂತ ಮೋಸದ್ದು ಟೈಮರ್ ಫೀಲ್ಡ್. ಕನ್‌ಸ್ಟ್ರಕ್ಟರ್‌ನಲ್ಲಿ ಒಂದು ಥ್ರೆಡಿಂಗ್ ಟೈಮರ್ ಮಾಡಿ ಪ್ರೈವೇಟ್ ಫೀಲ್ಡ್‌ನಲ್ಲಿ ಇಟ್ಟಿರುತ್ತಾರೆ. ತುಂಬಾ ಹೊತ್ತು ಡೇಟಾ ಬರದಿದ್ದರೆ ಪೋರ್ಟ್ ಮುಚ್ಚಿ ತೆರೆಯುವುದು ಅದರ ಕೆಲಸ. ಆ ಫೀಲ್ಡನ್ನು ಯಾರೂ ಓದುವುದಿಲ್ಲ, ಹಾಗಾಗಿ ಐಡಿಇ0052 ಬರುತ್ತದೆ: ಬೆಲೆ ಕೊಟ್ಟಿದ್ದೀರಿ, ಓದಿಲ್ಲ, ತೆಗೆಯಬಹುದು. ಸಲಹೆ ಒಪ್ಪಿದರೆ ಟೈಮರನ್ನು ಹಿಡಿದುಕೊಂಡವರು ಯಾರೂ ಇಲ್ಲದೆ ಯಾವುದೋ ಒಂದು ಹೊತ್ತಿನಲ್ಲಿ, ಬಳಸದ ಮೆಮೊರಿ ಖಾಲಿ ಮಾಡುವ ಗಾರ್ಬೇಜ್ ಕಲೆಕ್ಟರ್ ಅದನ್ನು ಒಯ್ಯುತ್ತದೆ. ನಿಮ್ಮ ಎದುರಿಗೆ ಚೆನ್ನಾಗಿ ಓಡುತ್ತದೆ. ಆಮೇಲೆ ಯಾವತ್ತೋ ಕಾಟಾ ಆಪರೇಟರ್ ಫೋನ್ ಮಾಡುತ್ತಾನೆ: "ಅಣ್ಣಾರ, ಕರೆಂಟ್ ಹೋಗಿ ಬಂದ ಮ್ಯಾಲೆ ತೂಕಾನ ಬರವಲ್ದು ನೋಡ್ರಿ, ಬಂದ್ ಮಾಡಿ ಚಾಲೂ ಮಾಡಿದ್ರ ಬರ್ತೈತಿ." ಇದನ್ನು ಕೇಳಿ ಫೀಲ್ಡ್ ಒಂದನ್ನು ತೆಗೆದಿದ್ದು ಕಾರಣ ಅಂತ ಹೊಳೆಯುವುದು ಕಷ್ಟ. ಫೀಲ್ಡ್ ಇಟ್ಟುಕೊಂಡು, ಡಿಸ್ಪೋಸ್ ಆಗುವಾಗ ಟೈಮರನ್ನೂ ಡಿಸ್ಪೋಸ್ ಮಾಡಿ. ಆಗ ಓದುವವರು ಒಬ್ಬರು ಸಿಕ್ಕ ಹಾಗಾಯಿತು, ಎಡಿಟರ್ ಬಾಯಿಯೂ ಮುಚ್ಚುತ್ತದೆ.

ಅನುಮಾನ ಇದ್ದರೆ

ಕೋಡ್ ನೋಡಿದರೂ ಗೊತ್ತಾಗಲಿಲ್ಲ, ವೈರ್ ನೋಡಿದರೂ ಗೊತ್ತಾಗಲಿಲ್ಲ ಅನ್ನುವ ಫಂಕ್ಷನ್ ಒಂದೆರಡು ಉಳಿದೇ ಉಳಿಯುತ್ತವೆ. ಅವುಗಳ ಮೊದಲ ಸಾಲಿನಲ್ಲಿ ಲಾಗ್ ಬರೆಯಿರಿ: ಈ ಫಂಕ್ಷನ್ ಇಂಥ ದಿನ, ಇಷ್ಟು ಗಂಟೆಗೆ ಕರೆಯಲ್ಪಟ್ಟಿತು. ವರ್ಷದ ಎರಡೂ ಬೆಳೆಯ ಸುಗ್ಗಿ ಪೂರ್ತಿ ಓಡಲಿ. ಎರಡನೇ ಬೆಳೆ ಮುಗಿದ ಮೇಲೆ ಲಾಗ್ ಖಾಲಿ ಇದ್ದರೆ ಧೈರ್ಯವಾಗಿ ತೆಗೆಯಿರಿ. ಆಫ್ ಸೀಸನ್‌ನಲ್ಲಿ ಒಂದು ವಾರ ನೋಡಿ ತೀರ್ಮಾನ ಮಾಡಬೇಡಿ, ಆಗ ಕಾಟಾ ಮೇಲೆ ನಾಯಿ ಮಲಗಿರುತ್ತದೆ.

ಒಂದೇ ಒಂದಕ್ಕೆ ಇಷ್ಟು ಕಾಯುವುದು ಬೇಡ. ಕಂಪ್ಯೂಟರ್‌ನಿಂದ ಇಂಡಿಕೇಟರ್‌ಗೆ ಸೊನ್ನೆ ಮಾಡು, ಕ್ಯಾಲಿಬ್ರೇಷನ್ ಬದಲಿಸು ಅಂತ ಕಮಾಂಡ್ ಕಳಿಸುವ ಹಳೇ ಫಂಕ್ಷನ್ ಇದ್ದು, ಯಾರೂ ಕರೆಯದಿದ್ದರೆ, ಅದನ್ನು ಎಲ್ಲಕ್ಕಿಂತ ಮೊದಲು ಕಿತ್ತು ಹಾಕಿ. ಇಂಡಿಕೇಟರ್‌ಗೆ ತೂಕ, ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ. ರೈತರ ತೂಕದ ವಿಷಯ, ಅಂಥ ಬಾಗಿಲು ಸಾಫ್ಟ್‌ವೇರ್‌ನಲ್ಲಿ ತೆರೆದಿಡುವುದೇ ತಪ್ಪು.

ಗಿಟ್‌ನಲ್ಲಿ ಒಂದು ಕಮಿಟ್‌ಗೆ (ಒಮ್ಮೆ ಸೇವ್ ಮಾಡುವ ಬದಲಾವಣೆ) ಒಂದೇ ವಿಷಯ ತೆಗೆಯಿರಿ. ಮೋಡೆಮ್ ಒಂದು ಕಮಿಟ್, ಹಳೇ ಎಪಿಐ ಒಂದು ಕಮಿಟ್. ಫಾರ್ಮ್ಯಾಟಿಂಗ್, ಹೆಸರು ಬದಲಾವಣೆ ಇವನ್ನೆಲ್ಲ ಅದರಲ್ಲಿ ಬೆರೆಸಬೇಡಿ. ಹೊಸ ಬಿಲ್ಡನ್ನು ಮೊದಲು ನಿಮಗೆ ಹತ್ತಿರದ ಒಂದೇ ಮಿಲ್ಲಿಗೆ ಹಾಕಿ. ಹಳೇ ಇಎಕ್ಸ್‌ಇ ಅದೇ ಕಂಪ್ಯೂಟರ್‌ನಲ್ಲಿ ಪಕ್ಕದ ಫೋಲ್ಡರ್‌ನಲ್ಲಿ ಇರಲಿ, ಆಪರೇಟರ್‌ಗೆ ಅದರ ಶಾರ್ಟ್‌ಕಟ್ ತೋರಿಸಿ, ರಾತ್ರಿ ಲಾರಿ ಬಂದಾಗ ಏನಾದರೂ ಆದರೆ ಇದನ್ನು ಒತ್ತು ಅಂತ ಹೇಳಿ ಬನ್ನಿ. ಯುಎಸ್‌ಬಿ ಕನ್ವರ್ಟರ್ ಇದ್ದರೆ ಅದನ್ನು ಕಿತ್ತು ಬೇರೆ ಕಿಂಡಿಗೆ ಹಾಕಬೇಡಿ ಅಂತಲೂ ಹೇಳಿ. ಕಾಮ್ ನಂಬರ್ ಬದಲಾಗಿ ಡೇಟಾ ನಿಂತರೆ ಆ ಆರೋಪವೂ ನಿಮ್ಮ ಕ್ಲೀನಿಂಗ್ ತಲೆಗೇ ಬರುತ್ತದೆ.

ಉಳಿಸಿಕೊಂಡ ವಿಚಿತ್ರ ಸಾಲುಗಳ ಮೇಲೆ ಒಂದೊಂದು ಕಮೆಂಟ್ ಬರೆಯಿರಿ. "ಮುಖ್ಯ, ತೆಗೆಯಬೇಡಿ" ಅಂತ ಬರೆದರೆ ಮುಂದೆ ಬಂದವರಿಗೆ ಏನೂ ತಿಳಿಯುವುದಿಲ್ಲ, ಅವರೂ ನಿಮ್ಮ ಹಾಗೇ ತಲೆ ಕೆರೆದುಕೊಳ್ಳುತ್ತಾರೆ. ಯಾವ ಊರು, ಯಾವ ಪೆಟ್ಟಿಗೆ, ಯಾಕೆ ಅಂತ ಇರಲಿ: "ಕಾರಟಗಿ ಕಾಟಾ, 485 ಕನ್ವರ್ಟರ್‌ಗೆ ಕರೆಂಟ್ ಡಿಟಿಆರ್‌ನಿಂದ. ಕನ್ವರ್ಟರ್‌ಗೆ ಅಡಾಪ್ಟರ್ ಹಾಕಿದ ದಿನ ಈ ಸಾಲು ತೆಗೆಯಬಹುದು."